ರಾಣಿಯ ಆಟಕ್ಕೆ ನರಿ ಬಂದದ್ದು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಓದುತ್ತ ಓದುತ್ತ ನಿಮಗೇ ಗೊತ್ತಾಗುತ್ತದೆ, ಆಗ ಇವಳು ಮುಚ್ಚಿಟ್ಟಳು ಎಂದಾಗಬಾರದು.

ಶಿರಸಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಪಹಣಿ, ಆಧಾರ್, ಉಪನಯನದ ಕಾಗದ, ಲ್ಯಾಮಿನೇಶನ್ನು, ವಾರವಿಡೀ ಇದೇ ಪಾಡು. ಭಾನುವಾರ ಮಧ್ಯಾಹ್ನ ಮಾತ್ರ ಶಟರ್ ಅರ್ಧ ಎಳೆದು, ಕಾಗದ ಕತ್ತರಿಸುವ ಉದ್ದನೆಯ ಮೇಜು ಒರೆಸಿ, ನಾವು ಮೂವರು ಕಾರ್ಡ್ ಆಡುತ್ತಿದ್ದೆವು. ಇಸ್ಪೀಟಲ್ಲ. ಇದನ್ನು ಎಷ್ಟು ಜನರಿಗೆ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ. "ಶಟರ್ ಎಳ್ಕಂಡು ಇಸ್ಪೀಟು ಆಡ್ತಡ!" ಎಂದು ನನ್ನ ಚಿಕ್ಕಮ್ಮ ಒಂದು ಶ್ರಾದ್ಧದ ಊಟದ ಪಂಕ್ತಿಯಲ್ಲಿ ಸಾರಿಬಿಟ್ಟಿದ್ದರು.

ನಮ್ಮದು ಹೊರದೇಶದ ಆಟ. ಪೊಟ್ಟಣದಲ್ಲಿ ಬರುವ ಒಂದೊಂದು ಕಾರ್ಡಿನಲ್ಲೂ ಒಂದೊಂದು ಪಾತ್ರ, ಅದರ ಚಿತ್ರ, ಅದರ ಶಕ್ತಿ. ಸಿಕ್ಕಿದ್ದರಲ್ಲಿ ಬೇಕಾದ್ದನ್ನು ಆರಿಸಿ ನಮ್ಮ ಕಟ್ಟು ನಾವೇ ಮಾಡಿಕೊಂಡು, ಎದುರಿನವರ ಕಟ್ಟಿನ ಮೇಲೆ ಯುದ್ಧಕ್ಕೆ ಹೋಗುವುದು. ಒಬ್ಬೊಬ್ಬರಾಗಿಯೂ ಆಡಬಹುದು, ಜೋಡಿಯಾಗಿಯೂ ಆಡಬಹುದು. ಜವುಗಿನ ರಾಣಿ, ಬೂದು ಮಂತ್ರಿ, ಕಲ್ಲು ನುಂಗುವವ, ಈ ಕನ್ನಡದ ಹೆಸರುಗಳನ್ನೆಲ್ಲ ಇಟ್ಟವಳು ನಾನು. ಕಾರ್ಡಿನ ಮೇಲಿನ ಬರಹವೆಲ್ಲ ಇಂಗ್ಲಿಷು. ಅದನ್ನು ಕನ್ನಡಕ್ಕೆ ತಂದು, ಟೈಪು ಮಾಡಿ, ಸಣ್ಣ ಚೀಟಿಯಾಗಿ ಕತ್ತರಿಸಿ, ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ತೂರಿಸಿ ಕೊಡುತ್ತಿದ್ದೆ. ಹದಿಮೂರು ವರ್ಷ ಇದನ್ನು ಮಾಡಿದ್ದೇನೆ. ನನ್ನ ಆಟ ಎಂದು ನಾನು ಹೇಳಿಕೊಂಡರೆ ಅದರಲ್ಲಿ ತಪ್ಪೇನಿದೆ?

ಮೂವರಲ್ಲಿ ಒಬ್ಬರು ಹೋಮಿಯೋಪತಿ ಡಾಕ್ಟರು, ವಯಸ್ಸಾದವರು, ನನ್ನನ್ನು ತಂಗಿ ಎಂದೇ ಕರೆಯುವವರು. ಇನ್ನೊಬ್ಬಳು ನನ್ನ ಗೆಳತಿ. ಸಿದ್ದಾಪುರದಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಕಾಲೇಜಿನಲ್ಲಿ ಒಂದೇ ಬೆಂಚು. ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಬಂದು, ನಮ್ಮ ಮನೆಯಲ್ಲಿ ಊಟ ಮಾಡಿ, ಅಂಗಡಿಗೆ ಬಂದು ನನ್ನ ಎಡಗಡೆ ಕೂರುತ್ತಿದ್ದಳು. ನಾವಿಬ್ಬರು ಜೋಡಿ, ಡಾಕ್ಟರು ಒಬ್ಬರೇ ಎರಡು ಕಟ್ಟು ಹಿಡಿದು ಎದುರಾಳಿ. ನನ್ನ ಕಟ್ಟಿಗೆ ರಾಣಿ, ಅವಳ ಕಟ್ಟಿಗೆ ಮಂತ್ರಿ. ಇದು ಬದಲಾಗಬಹುದು ಎಂದು ನಾನು ಕನಸಿನಲ್ಲೂ ನೆನೆಸಿರಲಿಲ್ಲ.

ನಮ್ಮಲ್ಲಿ ಮಾತ್ರ ಇದ್ದ ಒಂದು ಪದ್ಧತಿ ಹೇಳಬೇಕು. ಮೊದಮೊದಲು ಕಾರ್ಡು ಇಳಿಸಿದವರು ಅದರಲ್ಲಿ ಏನು ಬರೆದಿದೆ ಎಂದು ಕನ್ನಡದಲ್ಲಿ ಹೇಳಬೇಕಿತ್ತು, ಅಷ್ಟೆ. ಆದರೆ ಡಾಕ್ಟರು ಹೇಳಿಕೇಳಿ ತಾಳಮದ್ದಲೆಯ ಮನುಷ್ಯ. ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ಪಾತ್ರವಾಗಿ ಮಾತಾಡಿ ಎದುರಿನವರನ್ನು ಕಟ್ಟಿಹಾಕುವ ಚಟ ಅವರಿಗೆ. ಒಂದು ದಿನ ಕಲ್ಲು ನುಂಗುವವನನ್ನು ಇಳಿಸಿ, "ಎಲೈ ರಾಣಿಯೇ, ಈ ಜವುಗು ನಿನ್ನ ಅಪ್ಪನ ಆಸ್ತಿಯೋ?" ಎಂದು ಶುರು ಮಾಡಿಯೇಬಿಟ್ಟರು. ನಾನು ಬಿಡುತ್ತೇನೆಯೇ? ಅಲ್ಲಿಂದ ಕಾರ್ಡು ಇಳಿಸಿದ ಮೇಲೆ ಅರ್ಥ ಹೇಳಲೇಬೇಕು, ಅಂದರೆ ಆ ಪಾತ್ರವಾಗಿ ಮಾತಾಡಲೇಬೇಕು ಎಂದಾಯಿತು. ಎದುರಿನವರ ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ ಆ ಕಾರ್ಡು ವಾಪಸ್. ಜಗತ್ತಿನಲ್ಲಿ ಬೇರೆಲ್ಲೂ ಈ ಆಟವನ್ನು ಹೀಗೆ ಆಡುವುದಿಲ್ಲ. ಮಾತಿನಲ್ಲಿ ನನ್ನನ್ನು ಸೋಲಿಸುವುದು ಡಾಕ್ಟರಿಗೂ ಕಷ್ಟವಿತ್ತು. ಗೆಳತಿಯ ಮಂತ್ರಿ ಹೆಚ್ಚು ಮಾತಾಡುತ್ತಿರಲಿಲ್ಲ, "ಅಪ್ಪಣೆ, ಮಹಾರಾಣಿ" ಎಂದರೆ ಮುಗಿಯಿತು. ಉಳಿದದ್ದನ್ನು ನಾನೇ ತುಂಬಿಸುತ್ತಿದ್ದೆ.

ಹೀಗಿರುವಾಗ ಆ ಸುದ್ದಿ ಬಂತು. ಆಟದ ಕಂಪನಿಯವರು ಹೊರಗಿನ ಪಾತ್ರಗಳನ್ನೂ ಕಾರ್ಡು ಮಾಡುತ್ತಾರಂತೆ! ಮೊದಲು ಯಾವುದೋ ಸಿನಿಮಾದ ಬಾಹ್ಯಾಕಾಶದ ಸೈನಿಕರು, ಆಮೇಲೆ ಯಾವುದೋ ವೀಡಿಯೋ ಗೇಮಿನ ಮಂದಿ, ಆಮೇಲೆ ಟಿ.ವಿ. ಕಾರ್ಟೂನು. ಇಂಟರ್ನೆಟ್ಟಿನಲ್ಲಿ ಆಟಗಾರರು ಎರಡು ಪಾಲಾದರು. ಕೆಲವರು ಮನೆಯಲ್ಲಿ ಮದುವೆ ಗೊತ್ತಾದ ಹಾಗೆ ಕುಣಿದರು, ಕೆಲವರು ಸೂತಕ ಬಂದ ಹಾಗೆ ಅತ್ತರು. ಒಬ್ಬನಂತೂ ತನ್ನ ಕಾರ್ಡೆಲ್ಲ ಮಾರುತ್ತೇನೆ ಎಂದು ಉದ್ದಕ್ಕೆ ಬರೆದು, ಮಾರನೇ ದಿನ ಸದ್ದಿಲ್ಲದೆ ಅಳಿಸಿಹಾಕಿದ. ನಾನು ಅತ್ತವರ ಪೈಕಿ, ಅದರಲ್ಲೂ ಬೈದವರ ಪೈಕಿ. ಪುರಾಣದ ಪ್ರಸಂಗ ನಡೆಯುವಾಗ ಸಿನಿಮಾದ ಪೊಲೀಸಪ್ಪ ಲಾಠಿ ಹಿಡಿದು ನಡುವೆ ಬಂದು ಕೂತರೆ ಸುಮ್ಮನಿರುತ್ತೀರಾ ಎಂದು ಕೇಳಿ ಅಲ್ಲಿ ನಾನೂ ಇಂಗ್ಲಿಷಿನಲ್ಲಿ ಬರೆದೆ. ಯಾರಿಗೂ ಅರ್ಥವಾಗಲಿಲ್ಲ. ಡಾಕ್ಟರು, "ಛೆ ಛೆ, ಆಟದ ಮರ್ಯಾದೆ ಹೋತು ತಂಗಿ" ಎಂದರು. ಹಾಗೆಂದವರೇ ಎರಡು ವಾರ ಬಿಟ್ಟು ಒಬ್ಬ ಬಾಹ್ಯಾಕಾಶದ ಸೈನಿಕನನ್ನು ಕಟ್ಟಿನ ಮಧ್ಯೆ ಅಡಗಿಸಿಕೊಂಡು ಬಂದರು. ನಾನು ಹಿಡಿದು ಹೊರಗೆ ಹಾಕಿದೆ.

ಆ ಸಿಟ್ಟಿನಲ್ಲೇ ಅಂಗಡಿಯ ಗಾಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ. ಕೆಳಗೆ ಆಗಷ್ಟೇ ಕಾರ್ಡಾಗಿ ಬಂದಿದ್ದ ಕಾರ್ಟೂನಿನ ನರಿಯ ಚಿತ್ರ, ಅದರ ಮೇಲೆ ಅಡ್ಡಗೆರೆ, ತಲೆಬರಹದಲ್ಲಿ "ಹೊರಗಿನ ಪಾತ್ರಗಳಿಗೆ ಈ ಮೇಜಿನಲ್ಲಿ ಜಾಗವಿಲ್ಲ." ಲ್ಯಾಮಿನೇಶನ್ ಬೇರೆ ಮಾಡಿದ್ದೆ.

ಆ ನರಿಯ ವಿಷಯ. ನಾವೆಲ್ಲ ಸಣ್ಣವರಿದ್ದಾಗ ಟಿ.ವಿ.ಯಲ್ಲಿ ಬರುತ್ತಿದ್ದ ಕಾರ್ಟೂನು ಅದು. ಕುಂಟು ನರಿಯೊಂದು ರೈಲು ಓಡಿಸುತ್ತದೆ, ಅದಕ್ಕೆ ಕಲ್ಲಿದ್ದಲು ತುಂಬಲು ಒಂದು ಮುಂಗೋಪಿ ಬಾತುಕೋಳಿ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ಕಡೆ ರೈಲಿಲ್ಲ. ರೈಲು ನೋಡಲು ಹುಬ್ಬಳ್ಳಿಗೋ ತಾಳಗುಪ್ಪಕ್ಕೋ ಹೋಗಬೇಕಾದ ಮಕ್ಕಳು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆವು. ನಾನೂ ನೋಡಿದ್ದೆ, ಇಷ್ಟವೂ ಆಗಿತ್ತು. ಆ ಮಾತನ್ನು ಯಾರ ಹತ್ತಿರವೂ ಆಡಲಿಲ್ಲ.

ಹಾಳೆ ಅಂಟಿಸಿ ಒಂದು ವಾರವೂ ಆಗಿರಲಿಲ್ಲ. ಭಾನುವಾರ ಅರ್ಧ ಶಟರಿನ ಕೆಳಗಿಂದ ಬಗ್ಗಿ ಒಬ್ಬರು ಹೆಂಗಸು ಒಳಗೆ ಬಂದರು. ನಮ್ಮದೇ ವಯಸ್ಸು. "ಬಾಗಲದಾಗ ನರಿ ಚಿತ್ರ ನೋಡಿ ಬಂದೆ ನೋಡ್ರಿ. ಅಂದ್ರ ಇಲ್ಲೆ ಆಡೋರು ಅದಾರ ಅಂತಾತಲ್ರೀ!" ಎಂದರು, ಅಲ್ಲಿ ಬರೆದದ್ದನ್ನು ಓದಿಯೂ ಓದದವರ ಹಾಗೆ ನಗುತ್ತ. ಯಲ್ಲಾಪುರದ ಕಡೆ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಆಟ ಗೊತ್ತಿಲ್ಲ, ನರಿ ಮಾತ್ರ ಗೊತ್ತು. ನರಿಗಾಗಿ ಪೊಟ್ಟಣ ಕೊಂಡು, ಈಗ ಕಲಿಸುವವರನ್ನು ಹುಡುಕುತ್ತಿದ್ದಾರೆ. ಬೇಡ ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದಿಂದ ಗೆಳತಿ, "ಅಯ್ಯೋ, ನರಿಯಾ! ಎಲ್ಲಿ, ತೋರ್ಸಿ ನೋಡನ!" ಎಂದು ಎದ್ದೇಬಿಟ್ಟಳು.

ಕುರ್ಚಿ ಎಳೆದು ಕೂರಿಸಿದವಳೂ ಅವಳೇ. ಟೀಚರ್ ನರಿಯನ್ನು ಇಳಿಸಿದಾಗ, ಇಲ್ಲಿ ಅರ್ಥ ಹೇಳಬೇಕು ಎಂದು ನಾನು ಬಿಗಿಯಾಗಿ ಹೇಳಿದೆ. ತಡಬಡಾಯಿಸಿ ಎದ್ದು ಹೋಗಲಿ ಎಂದೇ ಹೇಳಿದ್ದು. ಆಕೆ ಗಂಟಲು ಸರಿಮಾಡಿಕೊಂಡು ಆ ಕಾರ್ಟೂನಿನ ನರಿಯ ಧ್ವನಿಯಲ್ಲೇ, "ಪ್ರಯಾಣಿಕರೇ, ಗಾಡಿ ತಡ ಆಗೇತಿ, ತಪ್ಪು ನಂದಲ್ಲ, ಹಳಿದು!" ಎಂದುಬಿಟ್ಟರು. ಡಾಕ್ಟರು ಬಿದ್ದೂ ಬಿದ್ದೂ ನಕ್ಕರು. ನನ್ನ ಗೆಳತಿ, ಹದಿಮೂರು ವರ್ಷ "ಅಪ್ಪಣೆ, ಮಹಾರಾಣಿ" ಎಂದು ಮಾತ್ರ ಹೇಳಿದ ನನ್ನ ಗೆಳತಿ, ಬಾತುಕೋಳಿಯ ಧ್ವನಿ ತೆಗೆದು, "ಹಳಿ ಎಂತ ಮಾಡ್ಚು? ಕಲ್ಲಿದ್ದಲು ತುಂಬ್ತಾ ಇಪ್ಪದು ಆನು!" ಎಂದಳು. ನಾನೂ ನಕ್ಕೆ. ನಕ್ಕ ಹಾಗೆ ಮಾಡಿದೆ.

ಆಮೇಲೆ ಒಂದೊಂದೇ ಆಗುತ್ತ ಹೋಯಿತು. ಹೊಸಬರಿಗೆ ಕಾರ್ಡು ತೋರಿಸಲು ಅನುಕೂಲ ಎಂದು ಗೆಳತಿ ನನ್ನ ಎಡಗಡೆಯಿಂದ ಎದ್ದು ಅತ್ತ ಕೂತಳು. ಆರು ವಾರದಲ್ಲಿ ಅವರಿಬ್ಬರ ನಡುವೆ ನೀವು ಹೋಗಿ ನೀನು ಬಂತು. ಟೀಚರ್ ಸ್ಕೂಟರಿನಲ್ಲಿ ಬರುವವರು. ಆಟ ಮುಗಿದ ಮೇಲೆ ಗೆಳತಿಯನ್ನು ಹಿಂದೆ ಕೂರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಿಡುತ್ತಿದ್ದರು. ಮೊದಲು ಅಷ್ಟು ದೂರ ನಾವಿಬ್ಬರು ನಡೆದು ಹೋಗುತ್ತಿದ್ದೆವು. ಒಂದು ಭಾನುವಾರ ಅವಳಿಗೆಂದೇ ಬೆಳಿಗ್ಗೆ ಎದ್ದು ಹಲಸಿನಕಾಯಿ ಪಲ್ಯ ಮಾಡಿಟ್ಟರೆ, ನೇರ ಅಂಗಡಿಗೆ ಬಂದು, "ಊಟ ಆತು ಮಾರಾಯ್ತಿ, ಟೀಚರ್ ರೊಟ್ಟಿ ಕಟ್ಕಂಡು ಬಂದಿತ್ತು" ಎಂದಳು. ಆ ಪಲ್ಯವನ್ನು ಎರಡು ಹೊತ್ತು ನಾನೇ ತಿಂದೆ. ಮಾತಿನ ನಡುವೆ ಅವಳ ಬಾಯಲ್ಲಿ "ಹೌದ್ರೀ", "ಏನ್ರೀ" ಬರಲು ಶುರುವಾಯಿತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಲವತ್ತು ದಾಟಿದ ಹೆಂಗಸು ನಾನು, ಎರಡನೇ ಕ್ಲಾಸಿನ ಮಕ್ಕಳ ಹಾಗೆ ನನ್ನ ಫ್ರೆಂಡು ನನ್ನ ಫ್ರೆಂಡು ಎಂದು ಒಳಗೊಳಗೇ ಅಳುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಆದರೂ ನಿಲ್ಲುತ್ತಿರಲಿಲ್ಲ. ಹೊರದೇಶದ ಕಂಪನಿಯ ಮೇಲೆ ಸಿಟ್ಟು ಎಂದು ನನಗೆ ನಾನೇ ಹೇಳಿಕೊಂಡೆ. ಅವರೇನು ಬಂದು ನನ್ನ ಪಕ್ಕದ ಕುರ್ಚಿ ಎಳೆದರೇ?

ಇದರ ನಡುವೆ ಹುಬ್ಬಳ್ಳಿಯಲ್ಲಿ ಜೋಡಿ ಆಟದ ಪಂದ್ಯ ಗೊತ್ತಾಯಿತು. ನಮ್ಮ ಕಡೆ ಅಂಥದ್ದು ನಡೆಯುವುದೇ ಅಪರೂಪ. ಸುದ್ದಿ ಬಂದ ದಿನವೇ ನಾನು ಫಾರಂ ತುಂಬಿಬಿಟ್ಟೆ. ಒಂದನೇ ಆಟಗಾರ್ತಿ ನಾನು, ಎರಡನೆಯವಳು ಅವಳು. ಇಬ್ಬರ ಕಟ್ಟಿಗೂ ಒಂದೇ ಥರದ ಪೆಟ್ಟಿಗೆ ಮಾಡಿ, ಒಂದರ ಮೇಲೆ ರಾಣಿ, ಇನ್ನೊಂದರ ಮೇಲೆ ಮಂತ್ರಿ ಎಂದು ಬಣ್ಣದ ಪ್ರಿಂಟು ತೆಗೆದು ಅಂಟಿಸಿದೆ. ಅವಳನ್ನು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ಭಾನುವಾರ ಫಾರಂ ಮುಂದಿಟ್ಟು, "ಇಲ್ಲಿ ಒಂದು ಸಹಿ ಹಾಕೇ" ಎಂದೆ. ಅವಳು ಓದಿ, ಮಡಚಿ, ಚೀಲದಲ್ಲಿಟ್ಟುಕೊಂಡು, "ನೋಡನ" ಎಂದಳು. ನಮ್ಮ ಕಡೆ ಬರೀ ನೋಡನ ಎಂದರೆ ಇಲ್ಲ ಎಂದೇ ಅರ್ಥ. ಹೆಣ್ಣು ನೋಡಲು ಬಂದವರು ಹಾಗೆ ಹೇಳಿ ಹೋದರೆ ಮತ್ತೆ ಫೋನು ಬರುವುದಿಲ್ಲ.

ಮುಂದಿನ ಭಾನುವಾರ ನಾನು ಗಟ್ಟಿ ಮನಸ್ಸು ಮಾಡಿಕೊಂಡೇ ಕೂತೆ. ಜಗಳವಾಡಿದರೆ ಸಣ್ಣವಳಾಗುತ್ತೇನೆ. ಆದರೆ ಅರ್ಥ ಹೇಳುವಾಗ ಯಾರಿಗೆ ಏನು ಬೇಕಾದರೂ ಅನ್ನಬಹುದು, ಮಾತು ಪಾತ್ರದ್ದು. ತಾಳಮದ್ದಲೆಯಲ್ಲಿ ಹೀಗೆ ಹಳೆಯ ಹಗೆ ತೀರಿಸಿಕೊಂಡವರನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಟೀಚರ್ ನರಿಯನ್ನು ಇಳಿಸಿದ ಕೂಡಲೇ ನಾನು ರಾಣಿಯನ್ನು ಇಳಿಸಿದೆ.

"ಎಲೈ ನರಿಯೇ! ಈ ಜವುಗಿನಲ್ಲಿ ನಿನ್ನ ಹಳಿ ಎಲ್ಲಿದೆ? ನಿನ್ನ ನಿಲ್ದಾಣ ಎಲ್ಲಿದೆ? ಈ ರಾಜ್ಯವನ್ನು ಕಟ್ಟುವಾಗ ನೀನೆಲ್ಲಿದ್ದೆ? ಬೇರೆಯವರ ಕಥೆಯಲ್ಲಿ ಹುಟ್ಟಿ, ಅಲ್ಲಿ ಜಾಗ ಸಾಲದೆ, ಇನ್ನೊಬ್ಬರ ಮನೆಯ ಊಟಕ್ಕೆ ಎಲೆ ಹಾಕಿಕೊಂಡು ಕೂರುವ ನಿನಗೆ ನಾಚಿಕೆಯಿಲ್ಲವೇ? ಎರಡು ತಮಾಷೆ ಮಾಡಿ ನಗಿಸಿದ ಮಾತ್ರಕ್ಕೆ ಹದಿಮೂರು ವರ್ಷದ ಸಿಂಹಾಸನದ ಪಕ್ಕ ನಿನಗೆ ಪೀಠ ಸಿಕ್ಕೀತೆಂದು ತಿಳಿದೆಯಾ? ಕರೆಯದೆ ಬಂದವಳು ನೀನು! ಬಂದ ದಾರಿಯಲ್ಲೇ ಹೊರಡು!"

ಮಾತು ಚೆನ್ನಾಗಿಯೇ ಬಂತು. ಧ್ವನಿ ಏರಿತ್ತು, ತಡೆಯಿರಲಿಲ್ಲ. ಆದರೆ ನರಿ ಗಂಡು. ಕೊನೆಗೆ ನಾನು ಬಂದವಳು ಎಂದುಬಿಟ್ಟಿದ್ದೆ. ಡಾಕ್ಟರು ತಲೆ ತಗ್ಗಿಸಿ, "ತಂಗಿ, ಸಾಕು" ಎಂದರು. ಟೀಚರ ಮುಖ ಕೆಂಪಾಗಿತ್ತು. "ಇದು ಆಟದಾಗಿನ ಮಾತೇನ್ರೀ?" ಎಂದು ಮೆತ್ತಗೆ ಕೇಳಿ, ನರಿಯ ಕಾರ್ಡನ್ನು ತಾವೇ ಹಿಂದಕ್ಕೆ ತೆಗೆದುಕೊಂಡರು. ಉತ್ತರವಿಲ್ಲದಿದ್ದರೆ ಕಾರ್ಡು ವಾಪಸ್. ಗೆದ್ದೆ! ಒಂದು ಕ್ಷಣ ನನಗೆ ನಿಜವಾಗಿಯೂ ಖುಷಿಯಾಯಿತು, ಅದನ್ನೂ ಹೇಳಿಬಿಡುತ್ತೇನೆ.

ಆಗ ಗೆಳತಿ ತನ್ನ ಕಟ್ಟಿನಿಂದ ಬೂದು ಮಂತ್ರಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ನನ್ನ ರಾಣಿಯ ಪಕ್ಕಕ್ಕಲ್ಲ, ಎದುರಿಗೆ.

"ಮಹಾರಾಣಿ," ಎಂದಳು. "ಹದಿಮೂರು ವರ್ಷ ತಮ್ಮ ಎಡಕ್ಕೆ ಕೂತಿದ್ದೇನೆ. ಮಂತ್ರಿಯನ್ನು ಇಟ್ಟುಕೊಳ್ಳುವುದು ಅವನ ಮಾತು ಕೇಳುವುದಕ್ಕೆ ಎಂದು ಕೇಳಿ ಬಲ್ಲೆ. ತಾವು ಎಂದಾದರೂ ಕೇಳಿದ್ದೀರಾ? ನಾನು ಬಾಯಿ ತೆರೆಯುವ ಮೊದಲೇ ನನ್ನ ಉತ್ತರವನ್ನು ತಾವೇ ಹೇಳಿ ಮುಗಿಸಿದಿರಿ. ನನ್ನ ಹಸಿವನ್ನು ತಾವೇ ತೀರ್ಮಾನಿಸಿದಿರಿ. ನನ್ನ ಸಹಿಯ ಜಾಗದ ಮೇಲೆ ನನ್ನ ಹೆಸರನ್ನೂ ತಾವೇ ಬರೆದಿರಿ. ಈ ನರಿ ಬಂದ ದಿನ ಹೊರಗಿನವನೊಬ್ಬ ಮೊದಲ ಸಲ ನನ್ನನ್ನು..."

"ಮಂತ್ರಿಗಳೇ, ತಾವು ತಪ್ಪು ತಿಳಿದಿದ್ದೀರಿ, ರಾಣಿಯಾದವಳು..." ಎಂದೆ ನಾನು.

"ನೋಡು, ಈಗ್ಲೂ," ಎಂದಳು ಅವಳು.

ಅದು ಮಂತ್ರಿಯ ಮಾತಲ್ಲ. ಹೊರಗೆ ಯಾರೋ ಶಟರ್ ತಟ್ಟಿ, ಝೆರಾಕ್ಸ್ ಉಂಟೋ ಎಂದು ಕೇಳಿ, ಉತ್ತರ ಬರದೆ ಹೋದರು. ಶಿರಸಿಯಲ್ಲೇ ನನ್ನಷ್ಟು ಮಾತು ಬಲ್ಲವಳಿಲ್ಲ ಎಂದುಕೊಂಡಿದ್ದವಳು ನಾನು. ರಾಣಿಯ ಕಾರ್ಡನ್ನು ನಾನೇ ಹಿಂದಕ್ಕೆ ತೆಗೆದುಕೊಂಡೆ. ಗೆಳತಿ ಕಾರ್ಡು ಜೋಡಿಸಿ ಚೀಲಕ್ಕೆ ಹಾಕಿಕೊಂಡು ಎದ್ದಳು. "ಹುಬ್ಬಳ್ಳಿಗೆ ಆನು ಟೀಚರ್ ಜೊತಿಗೆ ಹೋಗ್ತೆ. ಬೇಜಾರು ಮಾಡ್ಕಳಡ" ಎಂದಳು. ಬೇಜಾರು ಮಾಡಿಕೊಳ್ಳಬೇಡ ಎಂದು ಎಷ್ಟು ಸುಲಭಕ್ಕೆ ಹೇಳಿಬಿಡುತ್ತಾರೆ ಜನ!

ನಾಲ್ಕು ಭಾನುವಾರ ಡಾಕ್ಟರು ಮತ್ತು ನಾನು ಇಬ್ಬರೇ ಆಡಿದೆವು. ಅರ್ಥ ಹೇಳಲಿಲ್ಲ. ಅವಳಿಗೆಂದು ಮಾಡಿಟ್ಟ ಮಂತ್ರಿಯ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಕಳಿಸೋಣವೇ ಎಂದು ಯೋಚಿಸಿ, ಎಂತಕ್ಕೆ ಕಳಿಸಬೇಕು ಎಂದು ಸಿಟ್ಟು ಬಂದು, ಕೊನೆಗೆ ಸ್ಟೇಪ್ಲರ್ ಪಿನ್ನು ಹಾಕಿಡಲು ಉಪಯೋಗಿಸಿದೆ. ಫೋನು ಮಾಡಲು ನಂಬರು ಒತ್ತಿ, ಕರೆ ಹೋಗುವ ಮೊದಲೇ ಕಟ್ ಮಾಡುತ್ತಿದ್ದೆ. ಅವಳು ಎತ್ತಿದರೆ ನಾನೇ ಮಾತಾಡಿಬಿಡುತ್ತೇನೆ ಎಂಬ ಹೆದರಿಕೆ.

ಹುಬ್ಬಳ್ಳಿಯ ಪಂದ್ಯ ಮುಗಿದ ಮಾರನೇ ದಿನ ಡಾಕ್ಟರು ಅಂಗಡಿಗೆ ಬಂದು, "ತಂಗಿ, ಇದೊಂದು ನೋಡು" ಎಂದು ಫೋನು ಕೊಟ್ಟು, ಹೊರಗೆ ಹೋಗಿ ನಿಂತರು. ಅಲ್ಲಿದ್ದ ಯಾರೋ ತೆಗೆದ ವೀಡಿಯೋ. ಅವರಿಬ್ಬರು ಎರಡನೇ ಸುತ್ತಿಗೇ ಸೋತಿದ್ದರಂತೆ. ಇದು ಸೋತ ಮೇಲಿನದು. ಅರ್ಥ ಹೇಳುವ ಜೋಡಿಯೊಂದು ಬಂದಿದೆ ಎಂದು ಹೇಗೋ ತಿಳಿದು, ಒಮ್ಮೆ ಹೇಳಿ ತೋರಿಸಿ ಎಂದು ಅಲ್ಲಿನ ಆಟಗಾರರು ಸುತ್ತ ನಿಂತಿದ್ದರು.

ಗೆಳತಿ ಮಂತ್ರಿಯನ್ನು ಇಳಿಸಿ ಮಾತಾಡತೊಡಗಿದಳು. ನನ್ನ ಹಾಗೆ ಧ್ವನಿ ಏರಿಸಲಿಲ್ಲ. ಒಂದು ಮಾತು ಹೇಳಿ ಸ್ವಲ್ಪ ತಡೆಯುತ್ತಿದ್ದಳು, ಜನ ಕಾಯುತ್ತಿದ್ದರು, ಆಮೇಲೆ ಮುಂದಿನ ಮಾತು. ಮುಳುಗುವ ರಾಜ್ಯದಲ್ಲಿ ಕೆಲಸ ಮಾಡುವ ಮುದುಕನೊಬ್ಬನ ಕಥೆ, ಅವನ ಸಣ್ಣ ಸಣ್ಣ ಆಸೆಗಳು, ರಾಣಿಯ ಮೇಲೆ ಅವನಿಗಿದ್ದ ಪ್ರೀತಿ. ಹೌದು, ಪ್ರೀತಿ. ನನ್ನ ಕಣ್ಣೆಲ್ಲ ತುಂಬಿಹೋಯಿತು. ಹನ್ನೊಂದು ನಿಮಿಷದ ವೀಡಿಯೋ. ಈ ಮಾತುಗಳೆಲ್ಲ ಅಷ್ಟು ವರ್ಷ ನನ್ನ ಮೊಣಕೈಯ ಪಕ್ಕದಲ್ಲೇ ಇದ್ದವು. ಹುಬ್ಬಳ್ಳಿಯ ಗುರುತಿಲ್ಲದ ಜನ ಕೇಳಿದ ಮೇಲೆ ನಾನು ಕೇಳುತ್ತಿದ್ದೆ, ಅದೂ ಡಾಕ್ಟರ ಫೋನಿನಲ್ಲಿ.

ಮೂರು ಸಲ ನೋಡಿದೆ. ಮೂರನೇ ಸಲ ಗೆಳತಿಯನ್ನು ನೋಡಲಿಲ್ಲ, ಪಕ್ಕದಲ್ಲಿದ್ದ ಟೀಚರನ್ನು ನೋಡಿದೆ. ಆ ಹನ್ನೊಂದು ನಿಮಿಷದಲ್ಲಿ ಆಕೆ ಏನೂ ಮಾಡಿರಲಿಲ್ಲ. ಎರಡೂ ಕೈ ಮೇಜಿನ ಮೇಲಿಟ್ಟುಕೊಂಡು, ಮುಖ ಗೆಳತಿಯ ಕಡೆ ತಿರುಗಿಸಿ, ಬಾಯಿ ಮುಚ್ಚಿ ಕೇಳುತ್ತ ಕೂತಿದ್ದರು, ಅಷ್ಟೆ. ಆಕೆಯ ನರಿಯ ಮೇಲಾಗಲಿ, ಸ್ಕೂಟರಿನ ಮೇಲಾಗಲಿ, ರೊಟ್ಟಿಯ ಮೇಲಾಗಲಿ ನನಗೆ ಅಷ್ಟು ಹೊಟ್ಟೆಕಿಚ್ಚು ಎಂದೂ ಆಗಿರಲಿಲ್ಲ.